ಎಣಿಸುವವರಿದ್ದಲ್ಲಿ ಸುಂಟರಗಾಳಿ ಹೆಚ್ಚು

ನಮಸ್ಕಾರ. ಯುಗಾದಿ ಕಳೆದು ಬೇಸಿಗೆಯ ಮೊದಲ ಗುಡುಗು ಕೇಳಿಸುವ ಹೊತ್ತಿಗೆ ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಬಗೆಯ ವಿಡಿಯೊ ತಪ್ಪದೆ ಹರಿದಾಡತೊಡಗುತ್ತದೆ. ಕಪ್ಪು ಮೋಡದ ಹೊಟ್ಟೆಯಿಂದ ಆನೆಯ ಸೊಂಡಿಲಿನಂತೆ ನೆಲಕ್ಕಿಳಿದ ಗಾಳಿಯ ಸುಳಿ, ಅದರ ಬುಡದಲ್ಲಿ ಹಾರುವ ಮನೆಯ ಚೂರುಗಳು, ಕೆಳಗೆ ‘ಜಗಳೂರು ಹತ್ತಿರ, ಇಂದು ಸಂಜೆ’ ಎಂಬ ಒಕ್ಕಣೆ. ದೃಶ್ಯದಲ್ಲಿ ವಾಹನಗಳು ರಸ್ತೆಯ ಬಲಬದಿಯಲ್ಲಿ ಓಡುತ್ತಿರುವುದು ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ. ಆ ದೃಶ್ಯ ಎಲ್ಲಿಯದು, ಅಂಥವು ನಮ್ಮಲ್ಲೇಕೆ ಕಾಣುವುದಿಲ್ಲ ಎಂದು ಕೇಳುತ್ತ ಹೋದರೆ ಸುಂಟರಗಾಳಿಗಳ ಜಾಗತಿಕ ಲೆಕ್ಕದ ಮುಂದೆ ಬಂದು ನಿಲ್ಲುತ್ತೇವೆ. ಆ ಲೆಕ್ಕದ ಬಗ್ಗೆ ನನಗೊಂದು ತಕರಾರಿದೆ: ಅದರಲ್ಲಿ ಗಾಳಿಯ ಪಾಲು ಎಷ್ಟಿದೆಯೋ ಎಣಿಸುವವರ ಪಾಲೂ ಹೆಚ್ಚುಕಡಿಮೆ ಅಷ್ಟೇ ಇದೆ. ಈ ಸಂಚಿಕೆಯಲ್ಲಿ ಅದನ್ನೇ ವಿವರಿಸಲು ಯತ್ನಿಸುತ್ತೇನೆ.

ದಾಖಲೆಗಳು ಹೇಳುವ ಸಂಖ್ಯೆಗಳು ಹೀಗಿವೆ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ವರ್ಷಕ್ಕೆ ಸರಾಸರಿ 1,200 ಸುಂಟರಗಾಳಿಗಳು ದಾಖಲಾಗುತ್ತವೆ. ಕೆನಡಾದಲ್ಲಿ ಆ ಸಂಖ್ಯೆ 100ರ ಆಸುಪಾಸು, ಇಡೀ ಯುರೋಪಿನ ನೆಲದ ಮೇಲೆ ಕೆಲವು ನೂರು. ಪುಟ್ಟ ಬ್ರಿಟನ್ನಿನಲ್ಲಿ ವರ್ಷಕ್ಕೆ 30ರಷ್ಟು ಕಾಣಿಸಿಕೊಳ್ಳುತ್ತವೆ ಎಂದರೆ ಅನೇಕರು ನಂಬುವುದಿಲ್ಲ. ವಿಸ್ತೀರ್ಣಕ್ಕೆ ಹೊಂದಿಸಿ ನೋಡಿದರೆ ಇಂಗ್ಲೆಂಡ್ ಜಗತ್ತಿನ ಮುಂಚೂಣಿಯ ಪ್ರದೇಶಗಳ ಸಾಲಿನಲ್ಲಿ ನಿಲ್ಲುತ್ತದೆ, ಆದರೆ ಅಲ್ಲಿನವು ಬಹುಪಾಲು ಹೆಂಚು ಹಾರಿಸಿ, ಬೇಲಿ ಕೆಡವಿ ಮುಗಿದುಹೋಗುವ ದುರ್ಬಲ ಸುಳಿಗಳು. ದಕ್ಷಿಣ ಗೋಳಾರ್ಧದಲ್ಲಿ ಅರ್ಜೆಂಟೀನಾದ ಬಯಲಿನಿಂದ ಉರುಗ್ವೆ, ಪರಾಗ್ವೆ, ದಕ್ಷಿಣ ಬ್ರೆಜಿಲ್‌ವರೆಗೆ ಹಬ್ಬಿದ ಪ್ರದೇಶ ಅಮೆರಿಕದ ನಂತರ ಹೆಸರಿಸಬೇಕಾದ ಸುಂಟರಗಾಳಿಯ ನೆಲೆ. 1973ರ ಜನವರಿ 10ರಂದು ಅರ್ಜೆಂಟೀನಾದ ಸಾನ್ ಹುಸ್ಟೊ ಪಟ್ಟಣವನ್ನು ನೆಲಸಮ ಮಾಡಿದ್ದು ಅಂಥದೊಂದು ಸುಳಿ. ದಕ್ಷಿಣ ಆಫ್ರಿಕಾ, ಆಸ್ಟ್ರೇಲಿಯಾ, ಜಪಾನ್, ಪೂರ್ವ ಚೀನಾಗಳಲ್ಲೂ ಇವು ಏಳುತ್ತವೆ. ಅಂಟಾರ್ಕ್ಟಿಕಾ ಒಂದನ್ನು ಬಿಟ್ಟರೆ ಸುಂಟರಗಾಳಿ ಮುಟ್ಟದ ಖಂಡವಿಲ್ಲ.

ಇವುಗಳ ನೆಲೆಗಳನ್ನು ನಕ್ಷೆಯಲ್ಲಿ ಗುರುತಿಸಿದರೆ ಸಮಭಾಜಕ ವೃತ್ತದ ಅಕ್ಕಪಕ್ಕ ಬಹುಮಟ್ಟಿಗೆ ಖಾಲಿ ಉಳಿದು, ಸುಮಾರು 20ರಿಂದ 55 ಡಿಗ್ರಿ ಅಕ್ಷಾಂಶಗಳ ನಡುವೆ ಚುಕ್ಕೆಗಳು ದಟ್ಟವಾಗುತ್ತವೆ. ಅದಕ್ಕೆ ಕಾರಣ ಮೋಡದ ಗಾತ್ರವಲ್ಲ, ಎತ್ತರಕ್ಕೆ ತಕ್ಕಂತೆ ಗಾಳಿಯ ದಿಕ್ಕು ಮತ್ತು ವೇಗ ಎಷ್ಟು ಬದಲಾಗುತ್ತವೆ ಎಂಬುದು. ಅಮೆರಿಕದ ನಡುಬಯಲನ್ನೇ ತೆಗೆದುಕೊಳ್ಳಿ. ನೆಲದ ಮಟ್ಟದಲ್ಲಿ ಮೆಕ್ಸಿಕೊ ಕೊಲ್ಲಿಯ ಬೆಚ್ಚಗಿನ, ತೇವ ತುಂಬಿದ ಗಾಳಿ ದಕ್ಷಿಣದಿಂದ ಒಳನುಗ್ಗುತ್ತದೆ. ಅದರ ಮೇಲೆ ನೈರುತ್ಯದ ಒಣ ಪ್ರಸ್ಥಭೂಮಿಯಿಂದ ಬಂದ ಬಿಸಿಗಾಳಿ ಮುಚ್ಚಳದಂತೆ ಕುಳಿತು, ಕೆಳಗಿನ ಶಕ್ತಿ ಬೆಳಗಿನಿಂದ ಸಂಜೆಯವರೆಗೆ ಸೋರಿಹೋಗದೆ ಕೂಡಿಡಲ್ಪಡುವಂತೆ ನೋಡಿಕೊಳ್ಳುತ್ತದೆ. ಅದಕ್ಕೂ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಗಾಳಿ ಅತಿವೇಗದಲ್ಲಿ ಹರಿಯುತ್ತಿರುತ್ತದೆ. ಕೆಳಗೊಂದು ದಿಕ್ಕು, ಮೇಲೊಂದು ದಿಕ್ಕು, ಮೇಲೆ ಹೋದಷ್ಟೂ ಹೆಚ್ಚುವ ವೇಗ, ಇವು ಕೂಡಿದಾಗ ನಡುವಿನ ಗಾಳಿ ಅಡ್ಡಡ್ಡಲಾಗಿ ಉರುಳತೊಡಗುತ್ತದೆ. ಮುಚ್ಚಳ ಒಡೆದು ಮೇಲೇಳುವ ಗುಡುಗುಮೋಡದ ಏರುಗಾಳಿ ಆ ಉರುಳನ್ನು ಎತ್ತಿ ನೆಟ್ಟಗೆ ನಿಲ್ಲಿಸಿದಾಗ ಇಡೀ ಮೋಡವೇ ನಿಧಾನವಾಗಿ ತಿರುಗಲಾರಂಭಿಸುತ್ತದೆ. ಹವಾಮಾನ ತಜ್ಞರು ಸೂಪರ್‌ಸೆಲ್ ಎನ್ನುವುದು ಇದನ್ನು. ಎಲ್ಲ ಸೂಪರ್‌ಸೆಲ್‌ಗಳೂ ಸುಂಟರಗಾಳಿಯನ್ನು ಇಳಿಸುವುದಿಲ್ಲ. ಆದರೆ ಊರು ಕೆಡಹುವಂಥ ಸುಂಟರಗಾಳಿಗಳು ಬಹುಪಾಲು ಹುಟ್ಟುವುದು ಇವುಗಳ ಅಡಿಯಲ್ಲೇ. ಹಾಗೆ ಹುಟ್ಟಿದವು ಉತ್ತರ ಗೋಳಾರ್ಧದಲ್ಲಿ ಸಾಮಾನ್ಯವಾಗಿ ಅಪ್ರದಕ್ಷಿಣವಾಗಿ, ದಕ್ಷಿಣ ಗೋಳಾರ್ಧದಲ್ಲಿ ಪ್ರದಕ್ಷಿಣವಾಗಿ ಸುತ್ತುತ್ತವೆ.

ಇಲ್ಲಿಯವರೆಗಿನದು ಗಾಳಿಯ ಪಾಲು. ಇನ್ನು ಎಣಿಕೆಯ ಪಾಲಿಗೆ ಬರೋಣ. 1950ರ ಸುಮಾರಿಗೆ ಅಮೆರಿಕದಲ್ಲಿ ವರ್ಷಕ್ಕೆ ದಾಖಲಾಗುತ್ತಿದ್ದ ಸುಂಟರಗಾಳಿಗಳು ಇನ್ನೂರರಷ್ಟು ಮಾತ್ರ. ಇಂದು ಅದು ಸಾವಿರ ದಾಟಿದೆ. ಹಾಗಾದರೆ ಎಪ್ಪತ್ತು ವರ್ಷಗಳಲ್ಲಿ ಅಲ್ಲಿನ ಆಕಾಶ ಐದಾರು ಪಟ್ಟು ಕೆರಳಿತೇ? ಇಲ್ಲ. 1990ರ ದಶಕದಲ್ಲಿ ದೇಶದುದ್ದಕ್ಕೂ ಡಾಪ್ಲರ್ ರಾಡಾರ್‌ಗಳು ಬಂದವು, ತರಬೇತಿ ಪಡೆದ ಸ್ವಯಂಸೇವಕ ವೀಕ್ಷಕರು ಹೆಚ್ಚಿದರು, ಆಮೇಲೆ ಎಲ್ಲರ ಕೈಗೂ ಕ್ಯಾಮೆರಾ ಬಂತು. ಹೊಲದ ನಡುವೆ ಎರಡು ನಿಮಿಷ ಸುತ್ತಿ ಮಾಯವಾಗುವ ದುರ್ಬಲ ಸುಳಿಯೂ ಪಟ್ಟಿಗೆ ಸೇರತೊಡಗಿತು. ಏರಿಕೆ ಕಂಡದ್ದು ಬಹುತೇಕ ಈ ದುರ್ಬಲ ವರ್ಗದಲ್ಲೇ. ಅವನ್ನು ಬಿಟ್ಟು ಉಳಿದವನ್ನಷ್ಟೇ ಎಣಿಸಿದರೆ ವಾರ್ಷಿಕ ಸಂಖ್ಯೆಯಲ್ಲಿ ಹೇಳಿಕೊಳ್ಳುವಂಥ ಏರಿಕೆ ಇಲ್ಲ. ಹವಾಮಾನ ಬದಲಾವಣೆಯಿಂದ ಸುಂಟರಗಾಳಿ ಐದು ಪಟ್ಟಾಯಿತು ಎಂದು ಪರದೆಯ ಮೇಲೆ ಗಂಟಲು ಹರಿದುಕೊಳ್ಳುವವರು ಇದನ್ನು ಗಮನಿಸಬೇಕು. ನಿಜವಾದ ಬದಲಾವಣೆ ಬೇರೆ ಕಡೆ ಇದೆ: ಅಲ್ಲಿ ಸುಂಟರಗಾಳಿ ಏಳುವ ದಿನಗಳು ಕಡಿಮೆಯಾಗಿ, ಎದ್ದ ದಿನ ಗುಂಪುಗುಂಪಾಗಿ ಏಳುವುದು ಹೆಚ್ಚಿದೆ, ಟೆಕ್ಸಾಸ್, ಒಕ್ಲಹೋಮ, ಕನ್ಸಾಸ್ ಬಯಲಿನಿಂದ ಪೂರ್ವಕ್ಕೆ, ಟೆನೆಸ್ಸೀ, ಅಲಬಾಮಾ, ಕೆಂಟಕಿ ಕಡೆಗೆ, ಅವುಗಳ ಒಲವು ಸರಿಯುತ್ತಿದೆ. 2021ರ ಡಿಸೆಂಬರ್ 10ರ ರಾತ್ರಿ ಕೆಂಟಕಿಯ ಮೇಫೀಲ್ಡ್ ಪಟ್ಟಣವನ್ನು ಒಡೆದು 57 ಜನರನ್ನು ಕೊಂದ ಸುಂಟರಗಾಳಿ ಚಳಿಗಾಲದಲ್ಲಿ, ಕತ್ತಲಲ್ಲಿ ಬಂದಿತ್ತು.

ಎಣಿಕೆಯ ಆಟ ಅಮೆರಿಕದ್ದಷ್ಟೇ ಅಲ್ಲ. ಭೂಖಂಡಗಳು ಸರಿಯುತ್ತವೆ ಎಂದು ಹೇಳಿ ಹೆಸರಾದ ಆಲ್ಫ್ರೆಡ್ ವೇಗೆನರ್, ಮೊದಲ ಮಹಾಯುದ್ಧದ ನಡುವೆಯೇ, 1917ರಲ್ಲಿ, ಯುರೋಪಿನ ಸುಂಟರಗಾಳಿಗಳ ಹಳೆಯ ದಾಖಲೆಗಳನ್ನೆಲ್ಲ ಒಟ್ಟುಗೂಡಿಸಿ, ಆ ಖಂಡದಲ್ಲಿ ವರ್ಷಕ್ಕೆ ನೂರಾದರೂ ಏಳುತ್ತಿರಬೇಕು ಎಂದು ಅಂದಾಜಿಸಿದ. ಆ ಮೇಲೆ ದಶಕಗಳ ಕಾಲ ಅದನ್ನು ಮುಂದುವರಿಸುವವರೇ ಇರಲಿಲ್ಲ. ಹೀಗಾಗಿ ಯುರೋಪಿನಲ್ಲಿ ಸುಂಟರಗಾಳಿ ಅಪರೂಪ ಎಂಬ ನಂಬಿಕೆ ಬೇರೂರಿತು. ಬ್ರಿಟನ್ನಿನಲ್ಲಿ 1974ರಲ್ಲಿ ಇದಕ್ಕೆಂದೇ ಒಂದು ಸಂಶೋಧನಾ ಸಂಸ್ಥೆ ಹುಟ್ಟಿದ ನಂತರ ಅಲ್ಲಿನ ಲೆಕ್ಕ ದಪ್ಪವಾಯಿತು. 1981ರ ನವೆಂಬರ್ 23ರ ಒಂದೇ ದಿನದ ಲೆಕ್ಕಕ್ಕೆ ಆಗ 104 ಸುಂಟರಗಾಳಿಗಳು ಸೇರಿದವು. ಅದಕ್ಕೆ ವಿರುದ್ಧವಾದ ನಿದರ್ಶನ ಸೋವಿಯತ್ ಒಕ್ಕೂಟದ್ದು. 1984ರ ಜೂನ್ 9ರಂದು ಮಾಸ್ಕೊದ ಈಶಾನ್ಯಕ್ಕಿರುವ ಇವಾನೊವೊ ಪ್ರಾಂತ್ಯದಲ್ಲಿ ಎದ್ದ ಭೀಕರ ಸುಂಟರಗಾಳಿಯ ಸಾವಿನ ಲೆಕ್ಕ ಸರ್ಕಾರದ ಪ್ರಕಾರ ನೂರರೊಳಗೆ, ಇತರ ಅಂದಾಜುಗಳ ಪ್ರಕಾರ ಅದರ ನಾಲ್ಕು ಪಟ್ಟು. ಕೆನಡಾದಲ್ಲಿ 2017ರಿಂದ ಒಂದು ವಿಶ್ವವಿದ್ಯಾಲಯದ ತಂಡ ಉಪಗ್ರಹ ಚಿತ್ರಗಳಲ್ಲಿ ಕಾಡಿನ ಮರಗಳು ಉರುಳಿದ ಪಟ್ಟಿಗಳನ್ನು ಹುಡುಕತೊಡಗಿದ ಮೇಲೆ, ಮನುಷ್ಯರೇ ಇಲ್ಲದ ಉತ್ತರದ ಕಾಡುಗಳಲ್ಲಿ ಯಾರ ಗಮನಕ್ಕೂ ಬಾರದೆ ಹೋಗಿದ್ದ ಸುಂಟರಗಾಳಿಗಳು ಒಂದೊಂದಾಗಿ ಪತ್ತೆಯಾಗುತ್ತಿವೆ. ನೋಡುವವರಿಲ್ಲದಿದ್ದರೆ ಸುಂಟರಗಾಳಿ ಏಳುವುದಿಲ್ಲ ಎಂದಲ್ಲ, ಪಟ್ಟಿಗೆ ಸೇರುವುದಿಲ್ಲ.

ಸಂಖ್ಯೆಗೂ ಸಾವಿಗೂ ಇರುವ ದೂರ ಕಾಣಬೇಕೆಂದರೆ ಅಮೆರಿಕವನ್ನು ಬಿಟ್ಟು ಬಂಗಾಳಕ್ಕೆ ಬರಬೇಕು. 1989ರ ಏಪ್ರಿಲ್ 26ರ ಸಂಜೆ ಬಾಂಗ್ಲಾದೇಶದ ಮಾಣಿಕ್‌ಗಂಜ್ ಜಿಲ್ಲೆಯ ದೌಲತ್‌ಪುರ, ಸಾಟುರಿಯಾ ಊರುಗಳ ಮೇಲೆ ಹಾದ ಸುಂಟರಗಾಳಿ ಸುಮಾರು 1,300 ಜನರನ್ನು ಕೊಂದಿತು. ದಾಖಲಾದ ಇತಿಹಾಸದಲ್ಲಿ ಇದಕ್ಕಿಂತ ಹೆಚ್ಚು ಜನರನ್ನು ಕೊಂದ ಸುಂಟರಗಾಳಿ ಇಲ್ಲ. ಅಮೆರಿಕದ ಅತಿ ಘೋರ ಸುಂಟರಗಾಳಿಯಾದ 1925ರ ಮಾರ್ಚ್ 18ರದು ಮಿಸೌರಿ, ಇಲಿನಾಯ್, ಇಂಡಿಯಾನಾ ಮೂರು ರಾಜ್ಯಗಳನ್ನು ಸೀಳಿಕೊಂಡು 350 ಕಿಲೊಮೀಟರಿಗೂ ಹೆಚ್ಚು ದೂರ ಸಾಗಿ ಕೊಂದದ್ದು 695 ಮಂದಿಯನ್ನು. ಬಾಂಗ್ಲಾದಲ್ಲಿ 1969ರ ಏಪ್ರಿಲ್‌ನಲ್ಲಿ ಢಾಕಾದ ಅಂಚಿನಲ್ಲಿ, 1996ರ ಮೇ 13ರಂದು ಟಾಂಗೈಲ್ ಭಾಗದಲ್ಲಿ ಮತ್ತೆ ನೂರಾರು ಜನ ಸತ್ತರು. ಅಲ್ಲಿ ವರ್ಷಕ್ಕೆ ದಾಖಲಾಗುವ ಸುಂಟರಗಾಳಿಗಳು ಬೆರಳೆಣಿಕೆಯಷ್ಟು. ಒಂದೊಂದೂ ಇಷ್ಟು ಜನರನ್ನು ಕೊಲ್ಲುವುದಕ್ಕೆ ಕಾರಣ ಗಾಳಿಯಲ್ಲಿಲ್ಲ, ಗಾಳಿ ಹಾಯುವ ನೆಲದಲ್ಲಿದೆ: ಚದರ ಕಿಲೊಮೀಟರಿಗೆ ಸಾವಿರ ಜನ, ಬಿದಿರು ಮತ್ತು ತಗಡಿನ ಮನೆ, ಹಾರುವ ತಗಡು ಕತ್ತಿಯಾಗುವ ಪರಿ, ನೆಲಮಾಳಿಗೆ ತೋಡಿದರೆ ನೀರು ಉಕ್ಕುವ ನದೀಮುಖಜ ಭೂಮಿ, ಹತ್ತು ನಿಮಿಷ ಮೊದಲಾದರೂ ಎಚ್ಚರಿಸುವವರಿಲ್ಲದಿರುವುದು. ಅಮೆರಿಕದಲ್ಲಿ ಎಚ್ಚರಿಕೆ ಸಿಗುವುದೂ ಸರಾಸರಿ ಹತ್ತು ನಿಮಿಷಗಳ ಆಸುಪಾಸಿನಷ್ಟು ಮುಂಚೆ ಮಾತ್ರ, ಅದರಲ್ಲೂ ಹೆಚ್ಚಿನವು ಹುಸಿ ಎಚ್ಚರಿಕೆಗಳು. ಆದರೂ ಆ ಹತ್ತು ನಿಮಿಷ ಮತ್ತು ಮನೆಯ ಕೆಳಗಿನ ಒಂದು ಕೋಣೆ ಎಷ್ಟೋ ಜೀವಗಳನ್ನು ಉಳಿಸಿವೆ.

ಬಂಗಾಳದ ಗಾಳಿಯ ರಚನೆ ಅಮೆರಿಕದ ಬಯಲನ್ನೇ ನೆನಪಿಸುತ್ತದೆ. ಬಂಗಾಳ ಕೊಲ್ಲಿಯಿಂದ ತೇವ, ಛೋಟಾ ನಾಗಪುರ ಪ್ರಸ್ಥಭೂಮಿಯಿಂದ ಒಣ ಬಿಸಿ, ಮೇಲೆ ಹಿಮಾಲಯದ ದಕ್ಷಿಣಕ್ಕೆ ಹರಿಯುವ ಪಶ್ಚಿಮದ ಜೆಟ್ ಗಾಳಿ. ಮಾರ್ಚ್‌ನಿಂದ ಮೇವರೆಗೆ ಈ ಮೂರೂ ಒಂದೆಡೆ ಸಿಗುತ್ತವೆ; ಮುಂಗಾರು ಕಾಲಿಟ್ಟು ಜೆಟ್ ಗಾಳಿ ಹಿಮಾಲಯದ ಆಚೆಗೆ ಸರಿದ ಮೇಲೆ ಹಂಗಾಮು ಮುಗಿಯುತ್ತದೆ. ಭಾರತದ ದಾಖಲೆಗಳೂ ಇದನ್ನೇ ಸಾರುತ್ತವೆ. 1978ರ ಮಾರ್ಚ್ 17ರಂದು ದೆಹಲಿಯ ವಿಶ್ವವಿದ್ಯಾಲಯದ ಸುತ್ತಮುತ್ತ ಕೆಲವೇ ನಿಮಿಷ ಬೀಸಿದ ಸುಂಟರಗಾಳಿ 28 ಜನರನ್ನು ಬಲಿ ತೆಗೆದುಕೊಂಡಿತು. 1998ರ ಮಾರ್ಚ್ 24ರಂದು ಒಡಿಶಾ ಮತ್ತು ಪಶ್ಚಿಮ ಬಂಗಾಳದ ಗಡಿಯಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. 2009ರ ಮಾರ್ಚ್ 31ರಂದು ಒಡಿಶಾದ ಕೇಂದ್ರಾಪಡಾ ಜಿಲ್ಲೆಯ ರಾಜ್‌ಕನಿಕಾ, 2024ರ ಮಾರ್ಚ್ 31ರಂದು ಪಶ್ಚಿಮ ಬಂಗಾಳದ ಜಲಪಾಯಿಗುಡಿ. ತಿಂಗಳುಗಳನ್ನು ನೋಡಿ, ಎಲ್ಲವೂ ಮಾರ್ಚ್. ಊರುಗಳನ್ನು ನೋಡಿ, ಎಲ್ಲವೂ ಉತ್ತರ ಮತ್ತು ಪೂರ್ವ ಭಾರತದವು.

ನಮ್ಮ ದಾವಣಗೆರೆ ಇರುವುದು 14 ಡಿಗ್ರಿ ಅಕ್ಷಾಂಶದ ಮೇಲೆ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಬಿಸಿಲಿಗೆ ಕೊರತೆಯಿಲ್ಲ, ಎರಡೂ ಕಡಲುಗಳಿಂದ ಬರುವ ತೇವಕ್ಕೂ ಕೊರತೆಯಿಲ್ಲ. ಇಲ್ಲದಿರುವುದು ಮೇಲ್ಪದರದ ಆ ಅತಿವೇಗದ ಗಾಳಿ. ಆದ್ದರಿಂದ ನಮ್ಮ ಗುಡುಗುಮೋಡಗಳು ನೆಟ್ಟಗೆ ಹದಿನೈದು ಕಿಲೊಮೀಟರ್ ಎತ್ತರದವರೆಗೂ ಬೆಳೆಯುತ್ತವೆ, ಆದರೆ ಸಾಮಾನ್ಯವಾಗಿ ತಿರುಗುವುದಿಲ್ಲ. ಮಳೆಯೂ ಆಲಿಕಲ್ಲೂ ಏರುಗಾಳಿ ಎದ್ದ ಜಾಗದಲ್ಲೇ ಸುರಿದು ಅದರ ಕತ್ತು ಹಿಸುಕುತ್ತವೆ, ಒಂದೆರಡು ಗಂಟೆಯೊಳಗೆ ಮೋಡ ಸಾಯುತ್ತದೆ. ಸಾಯುವಾಗ ಅದು ಮಾಡುವ ಅನಾಹುತವೇ ನಮ್ಮ ಸಮಸ್ಯೆ. ಸುರಿಯುವ ಮಳೆ ಒಣಗಾಳಿಯ ಪದರದಲ್ಲಿ ಆವಿಯಾದಂತೆಲ್ಲ ಸುತ್ತಲಿನ ಗಾಳಿ ತಣ್ಣಗಾಗಿ, ಭಾರವಾಗಿ, ಒಮ್ಮೆಲೇ ನೆಲಕ್ಕೆ ಬಿದ್ದು ನಾಲ್ಕೂ ದಿಕ್ಕಿಗೆ ಚಿಮ್ಮುತ್ತದೆ. ಜಗಳೂರು, ಚಳ್ಳಕೆರೆ, ಮೊಳಕಾಲ್ಮುರು ಕಡೆಯ ಬಯಲಿನಲ್ಲಿ ನೆಲಮಟ್ಟದ ಗಾಳಿ ಒಣಗಿರುವುದರಿಂದ ಈ ಬೀಳುಗಾಳಿಗೆ ಇನ್ನಷ್ಟು ಬಲ ಬರುತ್ತದೆ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂದು ಕಾಯುವ ರೈತನಿಗೆ ಮಳೆಗೆ ಹತ್ತು ನಿಮಿಷ ಮುಂಚೆ ಬರುವುದು ಇದು: ಗೊನೆ ಹೊತ್ತ ಬಾಳೆ ಸಾಲುಸಾಲಾಗಿ ಮಲಗುತ್ತದೆ, ಅಡಿಕೆ ಮರ ನಡುವಿಗೆ ಮುರಿಯುತ್ತದೆ, ಕೋಳಿ ಫಾರಂನ ಶೀಟು ಪಕ್ಕದ ಹೊಲಕ್ಕೆ ಹೋಗುತ್ತದೆ. ಮರುದಿನ ಅದು ಸುಂಟರಗಾಳಿ ಎಂದೇ ಸುದ್ದಿಯಾಗುತ್ತದೆ. ಮೋಡವಿಲ್ಲದ ಮಟಮಟ ಮಧ್ಯಾಹ್ನ ಬೀಳುಹೊಲದಲ್ಲಿ ಎದ್ದು ಕಸ, ತರಗೆಲೆ ಸುತ್ತಿಸಿ ಹೋಗುವ ದೂಳಿನ ಸುಳಿ ಮೂರನೆಯದೇ ಒಂದು ಬಗೆ. ಅದು ಬಿಸಿನೆಲದ ಕೂಸು, ಗುಡುಗುಮೋಡಕ್ಕೂ ಅದಕ್ಕೂ ಸಂಬಂಧವಿಲ್ಲ.

ಸುಂಟರಗಾಳಿ, ಬೀಳುಗಾಳಿ ಎರಡನ್ನೂ ಬೇರೆಮಾಡಲು ಮಹಾ ವಿದ್ಯೆಯೇನೂ ಬೇಡ. ಅದನ್ನು ಜಗತ್ತಿಗೆ ಕಲಿಸಿದವನು ಜಪಾನಿನಲ್ಲಿ ಹುಟ್ಟಿ ಷಿಕಾಗೊ ವಿಶ್ವವಿದ್ಯಾಲಯದಲ್ಲಿ ದುಡಿದ ಟೆಟ್ಸುಯಾ ಫುಜಿಟ. 1945ರಲ್ಲಿ ಅಣುಬಾಂಬು ಬಿದ್ದ ಹಿರೋಷಿಮಾ, ನಾಗಸಾಕಿಗಳ ಹಾನಿಯನ್ನು ಪರಿಶೀಲಿಸಲು ಹೋದ ತರುಣ ಫುಜಿಟ, ಸ್ಫೋಟದ ಬಿಂದುವಿನಿಂದ ಮರಗಳು ಹೊರಮುಖವಾಗಿ ಉರುಳಿದ ರೀತಿಯನ್ನು ನೋಡಿದ್ದ. ಮೂರು ದಶಕಗಳ ನಂತರ, 1975ರ ಜೂನ್ 24ರಂದು ನ್ಯೂಯಾರ್ಕಿನಲ್ಲಿ ಇಳಿಯುತ್ತಿದ್ದ ವಿಮಾನವೊಂದು ಗುಡುಗುಮಳೆಯ ನಡುವೆ ನೆಲಕ್ಕಪ್ಪಳಿಸಿದಾಗ, ಅದನ್ನು ಕೆಡವಿದ್ದು ಮೋಡದಿಂದ ಬಿದ್ದು ಸುತ್ತಲೂ ಚಿಮ್ಮುವ ಇಂಥದೇ ಗಾಳಿ ಎಂದು ಅವನು ವಾದಿಸಿದ. ಮೊದಲು ಒಪ್ಪದವರೂ ಮುಂದೆ ಒಪ್ಪಲೇಬೇಕಾಯಿತು. ಇಂದು ವಿಮಾನ ನಿಲ್ದಾಣಗಳಲ್ಲಿ ಅದನ್ನು ಪತ್ತೆಹಚ್ಚುವ ವ್ಯವಸ್ಥೆಗಳಿವೆ. 1971ರಲ್ಲಿ ಅವನೇ ರೂಪಿಸಿದ ಫುಜಿಟ ಮಾಪಕ, 2007ರಲ್ಲಿ ಪರಿಷ್ಕರಣೆಗೊಂಡು, ಸುಂಟರಗಾಳಿಗಳಿಗೆ ಸೊನ್ನೆಯಿಂದ ಐದರವರೆಗೆ ದರ್ಜೆ ಕೊಡುತ್ತದೆ. ಆ ದರ್ಜೆ ಗಾಳಿಯನ್ನು ಅಳೆದು ಕೊಟ್ಟದ್ದಲ್ಲ, ಗಾಳಿ ಕೆಡವಿಹೋದದ್ದನ್ನು ನೋಡಿ ಕೊಟ್ಟದ್ದು. ಬಯಲಲ್ಲಿ ಬೀಸಿ ಏನನ್ನೂ ಕೆಡವದ ಸುಂಟರಗಾಳಿಗೆ ದೊಡ್ಡ ದರ್ಜೆ ಸಿಗುವುದು ಕಷ್ಟ. 2013ರ ಮೇ 31ರಂದು ಒಕ್ಲಹೋಮದ ಎಲ್ ರೆನೊ ಬಳಿ ನಾಲ್ಕು ಕಿಲೊಮೀಟರಿಗೂ ಹೆಚ್ಚು ಅಗಲವಾಗಿ ಎದ್ದ, ಅಲ್ಲಿನ ದಾಖಲೆಯ ಅತಿ ಅಗಲದ ಸುಂಟರಗಾಳಿಗೂ ಹಾನಿಯ ಆಧಾರದ ಮೇಲೆ ಸಿಕ್ಕಿದ್ದು ಮೂರನೇ ದರ್ಜೆ.

ಹೀಗಾಗಿ ಬಿದ್ದ ಮರವೇ ಸಾಕ್ಷಿ. ತೋಟದ ಮರಗಳೆಲ್ಲ ಒಂದೇ ದಿಕ್ಕಿಗೆ, ಇಲ್ಲವೇ ಬೀಸಣಿಗೆಯ ಕಡ್ಡಿಗಳ ಹಾಗೆ ಹೊರಕ್ಕೆ ಬಿದ್ದಿದ್ದರೆ ಅದು ಬೀಳುಗಾಳಿ. ಕಿರಿದಾದ ಪಟ್ಟಿಯೊಂದರಲ್ಲಿ ಎರಡೂ ಬದಿಯ ಮರಗಳು ನಡುವಿನ ಕಡೆಗೆ ಒರಗಿ, ಒಂದರ ಮೇಲೊಂದು ಅಡ್ಡಡ್ಡ ಬಿದ್ದು, ಪಟ್ಟಿಯಾಚೆ ಒಂದು ಎಲೆಯೂ ಅಲುಗದಂತಿದ್ದರೆ ಸುಂಟರಗಾಳಿಯ ಬಗ್ಗೆ ಯೋಚಿಸಬಹುದು. ನಮ್ಮ ಜಿಲ್ಲೆಗಳಲ್ಲಿ ಸುಂಟರಗಾಳಿ ಏಳಲು ಸಾಧ್ಯವೇ ಇಲ್ಲ ಎಂದು ನಾನು ಹೇಳುತ್ತಿಲ್ಲ; ದುರ್ಬಲವಾದದ್ದೊಂದು ಹಿರಿಯೂರಿನ ಬಯಲಲ್ಲಿ ಎದ್ದು ಅಡಗಿದರೆ ಅದನ್ನು ಹಿಡಿಯುವ ಬಲೆ ನಮ್ಮಲ್ಲಿಲ್ಲ. ರಾಡಾರ್ ಇನ್ನೂರು ಕಿಲೊಮೀಟರ್ ದೂರವಿದ್ದರೆ, ಭೂಮಿ ಗುಂಡಗಿರುವ ಕಾರಣ, ಅದರ ಅತಿ ಕೆಳಗಿನ ಕಿರಣವೂ ನಮ್ಮ ತಲೆಯ ಮೇಲೆ ನಾಲ್ಕು ಕಿಲೊಮೀಟರ್ ಎತ್ತರದಲ್ಲಿ ಹಾಯುತ್ತದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟಕ್ಕೆ ಇಳಿದಿವೆ, ಗಾಳಿಯ ವೇಗ ಅಳೆಯುವ ಹವಾಮಾನ ಕೇಂದ್ರಗಳು ಹೋಬಳಿ ಮಟ್ಟದಲ್ಲಿವೆ. ಇದು ಮೆಚ್ಚಬೇಕಾದ ವ್ಯವಸ್ಥೆ. ಮಳೆಯ ವಿಷಯದಲ್ಲಿ ಇಷ್ಟು ದಟ್ಟ ಜಾಲ ಬೇರೆ ರಾಜ್ಯಗಳಲ್ಲಿ ಅಪರೂಪ. ಆದರೆ ಅರ್ಧ ಕಿಲೊಮೀಟರ್ ಅಗಲದ ಗಾಳಿ ಎರಡು ಹೋಬಳಿಗಳ ಮಾಪಕಗಳ ನಡುವೆ ನುಸುಳಿಹೋಗುವುದು ಸುಲಭ.

ಇದರಿಂದ ನಷ್ಟ ಯಾರಿಗೆ ಎಂದರೆ ತೋಟ ಕಳೆದುಕೊಂಡವರಿಗೆ. 15ನೇ ಹಣಕಾಸು ಆಯೋಗದ ಅವಧಿಗೆ ಕೇಂದ್ರ ಸರ್ಕಾರ ಪಾಲಿಸಿದ ವಿಪತ್ತುಗಳ ಪಟ್ಟಿಯಲ್ಲಿ ಚಂಡಮಾರುತವಿತ್ತು, ಆಲಿಕಲ್ಲು ಮಳೆಯಿತ್ತು, ಹಿಮಕುಸಿತವಿತ್ತು, ಕೀಟಬಾಧೆಯೂ ಇತ್ತು. ಗುಡುಗುಮೋಡದ ಬಿರುಗಾಳಿ ಸ್ವಂತ ಹೆಸರಿನಲ್ಲಿ ಇರಲಿಲ್ಲ. ರಾಜ್ಯಗಳು ತಮ್ಮ ವಿಪತ್ತು ನಿಧಿಯ ಶೇ 10ರ ಮಿತಿಯೊಳಗೆ ಸ್ಥಳೀಯ ವಿಪತ್ತುಗಳನ್ನು ಸೇರಿಸಿಕೊಳ್ಳಬಹುದಿತ್ತು, ಅಷ್ಟೇ. ಒಂದು ಗಾಳಿಯನ್ನು ಪಟ್ಟಿಗೆ ಸೇರಿಸಿ ಎಂದು ಕೇಳಬೇಕಾದರೆ ಅದು ವರ್ಷಕ್ಕೆ ಎಷ್ಟು ಬಾರಿ, ಯಾವ ತಾಲ್ಲೂಕಿನಲ್ಲಿ, ಎಷ್ಟು ಅಗಲಕ್ಕೆ ಬೀಸುತ್ತದೆ ಎಂಬ ಲೆಕ್ಕ ಕೈಯಲ್ಲಿರಬೇಕು. ಬಿದ್ದದ್ದನ್ನೆಲ್ಲ ಸುಂಟರಗಾಳಿ ಎಂದು ಬರೆದು ಕೈತೊಳೆದುಕೊಂಡರೆ ಆ ಲೆಕ್ಕ ಹುಟ್ಟುವುದೇ ಇಲ್ಲ. ಸುಂಟರಗಾಳಿ ಎಂದೊಡನೆ ಅದು ದೈವದ ಆಟವಾಗಿಬಿಡುತ್ತದೆ; ಯಾರು ಏನು ತಾನೆ ಮಾಡಿಯಾರು ಎಂಬ ಮಾತಿಗೆ ಎಲ್ಲರೂ ತಲೆದೂಗುತ್ತಾರೆ. ಬೀಳುಗಾಳಿ ಎಂದಾದರೆ ಶೀಟಿಗೆ ಬೋಲ್ಟ್ ಏಕೆ ಹಾಕಿರಲಿಲ್ಲ, ರಸ್ತೆಬದಿಯ ಜಾಹೀರಾತು ಫಲಕವನ್ನು ಏಕೆ ಪರೀಕ್ಷಿಸಿರಲಿಲ್ಲ, ಒಣಗಿದ ಮರವನ್ನು ಏಕೆ ಕಡಿದಿರಲಿಲ್ಲ ಎಂದು ಕೇಳಬೇಕಾಗುತ್ತದೆ.

ನಾನು ಸೂಚಿಸುವುದು ದುಬಾರಿ ಯಂತ್ರಗಳನ್ನಲ್ಲ. ಮನೆ ಬಿದ್ದ ಮೇಲೆ ಗ್ರಾಮ ಆಡಳಿತಾಧಿಕಾರಿ ಹೇಗೂ ಬಂದು ಮಹಜರು ಮಾಡುತ್ತಾರೆ, ತೋಟ ಬಿದ್ದ ಮೇಲೆ ತೋಟಗಾರಿಕೆ ಇಲಾಖೆಯವರು ಹೇಗೂ ಎಕರೆ ಎಣಿಸುತ್ತಾರೆ. ಆ ಹಾಳೆಯಲ್ಲಿ ಮರಗಳು ಯಾವ ದಿಕ್ಕಿಗೆ ಬಿದ್ದಿವೆ, ಹಾನಿಯ ಪಟ್ಟಿ ಎಷ್ಟು ಅಗಲ, ಗಾಳಿ ಎಷ್ಟು ಗಂಟೆಗೆ ಬೀಸಿತು ಎಂಬ ಮೂರು ಸಾಲುಗಳು ಸೇರಲಿ, ಜೊತೆಗೆ ದಿಕ್ಕು ತಿಳಿಯುವಂತೆ ತೆಗೆದ ಎರಡು ಫೋಟೊ ಇರಲಿ. ಇನ್ನೊಂದು ದಾಖಲೆ ಚಿತ್ರದುರ್ಗದ ಗುಡ್ಡಗಳ ಮೇಲೆ ಈಗಾಗಲೇ ತಯಾರಾಗುತ್ತಿದೆ. ಜೋಗಿಮಟ್ಟಿಯ ಆಸುಪಾಸು ನಿಂತಿರುವ ಪವನ ವಿದ್ಯುತ್ ಗಾಳಿಯಂತ್ರಗಳ ತಲೆಯ ಮೇಲೆ ವೇಗಮಾಪಕವಿರುತ್ತದೆ. ಇಂಥ ಯಂತ್ರಗಳು ಸಾಮಾನ್ಯವಾಗಿ ಹತ್ತು ನಿಮಿಷಕ್ಕೊಮ್ಮೆ ಗಾಳಿಯ ವೇಗ, ದಿಕ್ಕುಗಳನ್ನು ಬರೆದಿಡುತ್ತವೆ. ವಿದ್ಯುತ್ತಿನ ಲಾಭನಷ್ಟಕ್ಕೆಂದು ಕೂಡಿಟ್ಟ ಆ ಅಂಕಿಗಳು ಕಂಪನಿಗಳ ಕಡತದಲ್ಲಿವೆ. ಮುಂಗಾರುಪೂರ್ವದ ಮೂರು ತಿಂಗಳ ಅಂಕಿಗಳನ್ನಾದರೂ ಪ್ರತಿ ವರ್ಷ ರಾಜ್ಯದ ವಿಕೋಪ ಕೇಂದ್ರಕ್ಕೆ ಒಪ್ಪಿಸಬೇಕೆಂದು ಜಿಲ್ಲಾಡಳಿತ ಆ ಕಂಪನಿಗಳಿಗೆ ಪತ್ರ ಬರೆಯಬಹುದು, ಬರೆಯಬೇಕು.